ಬಾಳಾಸಾಹೇಬ ನಿಂತ ಜಾಗ

ಅಂಗಿಯ ಮೇಲಿನ ಗುಂಡಿ ಹಾಕಿಕೊಳ್ಳಬೇಕೋ ಬಿಡಬೇಕೋ ಎಂಬುದು ಮುರಗೆಪ್ಪನಿಗೆ ಬಗೆಹರಿಯಲಿಲ್ಲ. ಹಾಕಿದರೆ ಗುಮಾಸ್ತನ ಹಾಗೆ ಕಾಣುತ್ತಿದ್ದ, ಬಿಟ್ಟರೆ ಪೋಲಿಯ ಹಾಗೆ. ವ್ಯಾಪಾರ ಮಾಡುವವನ ಗುಂಡಿ ಹೇಗಿರುತ್ತದೆ ಎಂದು ನೋಡಿ ಕಲಿಯೋಣವೆಂದರೆ ಅವನ ಅಪ್ಪ ಶಿವಯೋಗೆಪ್ಪನ ಅಂಗಿಗೆ ಗುಂಡಿಯೇ ಇರಲಿಲ್ಲ. ಆತ ಕಸೆ ಕಟ್ಟುವ ಅಂಗಿಯಲ್ಲೇ ಮರಾಠಿ ಸೀಮೆಯ ಗಡಿಯಲ್ಲಿರುವ ಜತ್ತಿನ ಪೇಟೆಯಲ್ಲಿ, ಮನೆಯ ಮುಂಭಾಗದಲ್ಲೇ ಕಿರಾಣಿ ಅಂಗಡಿ ಇಟ್ಟು ತಲೆ ಬೆಳ್ಳಗೆ ಮಾಡಿಕೊಂಡಿದ್ದ. ಕನ್ನಡಿಯಲ್ಲಿ ಹಣೆಯ ಮೇಲಿನ ವಿಭೂತಿ ದಪ್ಪವಾಯಿತು ಅನ್ನಿಸಿ ಮುರಗೆಪ್ಪ ಅರ್ಧ ಒರೆಸಿದ. ಒರೆಸಿದ್ದಕ್ಕೆ ಪಾಪ ಬಂದೀತೆಂದು ಮತ್ತೆ ಹಚ್ಚಿದ. ವಿದ್ಯಾಪೀಠದಿಂದ ಪ್ರೊಫೆಸರೊಬ್ಬರು ಬರುವವರಿದ್ದರು. ಬ್ಯಾಂಕುಗಳು ಸರಕಾರದ ಪಾಲಾದ ಮರುವರ್ಷ ಅದು. ಡಿಗ್ರಿ ಓದಿದ ಹುಡುಗರು ನೌಕರಿಗೆ ಅಲೆಯುವುದು ಬಿಟ್ಟು ಸ್ವಂತ ಉದ್ಯೋಗ ತೆಗೆಯಲಿ ಎಂಬ ಆಸೆ ದೊಡ್ಡವರಿಗೆಲ್ಲ ಒಮ್ಮೆಲೇ ಹುಟ್ಟಿಕೊಂಡಿತ್ತು. ಯಾವ ಹುಡುಗನ ಸ್ವಭಾವ ಉದ್ಯೋಗಕ್ಕೆ ಒಗ್ಗುತ್ತದೆ, ಯಾವನದು ಒಗ್ಗುವುದಿಲ್ಲ ಎಂದು ತಪಾಸಣೆ ಮಾಡಿ ಹೇಳುವುದಕ್ಕೇ ಆ ಪ್ರೊಫೆಸರು ಕಾಲೇಜಿಂದ ಕಾಲೇಜಿಗೆ ತಿರುಗುತ್ತಿದ್ದರು. ಗುಂಡಿ ಹಾಕಿಕೊಂಡು, ಓಣಿಗೆ ಬಂದ ಮೇಲೆ ತೆಗೆದು ಮುರಗೆಪ್ಪ ಹೊರಟ.

ಈ ಸ್ವಭಾವದ ಮಾತು ಮನೆಯೊಳಗೆ ಬಂದದ್ದೇ ಅವನ ತಪ್ಪಿನಿಂದ. ಎಂಟು ದಿನದ ಹಿಂದೆ ಅಂಗಡಿಯಲ್ಲಿ ನಿಂತು, ಸಂತೆಯ ದಿನ ಗಿರಾಕಿಗಳು ತುಂಬಿರುವಾಗ, ಹೀಗೆ ಹೀಗೆ ಒಬ್ಬರು ಬರುತ್ತಾರೆ ಎಂದು ಅಪ್ಪನಿಗೆ ಹೇಳಿಬಿಟ್ಟ. ತಾನೂ ಅವರ ಮುಂದೆ ನಿಲ್ಲುವವನಿದ್ದೇನೆ ಎಂದು ಹೇಳುವಾಗ ದನಿ ಸ್ವಲ್ಪ ಎತ್ತರವಾಗಿತ್ತು ಎಂದು ಕಾಣುತ್ತದೆ. ಅಂಗಡಿಯ ಯಜಮಾನ ಕೂರುವ ಗಾದಿಯ ಮೇಲಿದ್ದ ಶಿವಯೋಗೆಪ್ಪ ಲೋಡುದಿಂಬಿಗೆ ಒರಗಿದವನು ಒರಗಿದಂತೆಯೇ ನಕ್ಕ.

"ಸ್ವಭಾವ ನೋಡಾಕ ಅಷ್ಟ ದೂರದಿಂದ ಬರಬೇಕೇನು? ನಾ ಇಲ್ಲೇ ಕುಂತ ನೋಡೇನಿ. ನಿಂದು ಬೀಗರ ಸ್ವಭಾವ. ಉಣ್ಣಾಕ ಕುಂದ್ರಾಕ ಭಾಳ ಚಲೋ."

ಗಿರಾಕಿಗಳು ನಕ್ಕರು. ತಕ್ಕಡಿ ಹಿಡಿದಿದ್ದ ತಮ್ಮ ಸೋಮನಿಂಗಪ್ಪನೂ ನಕ್ಕ. ಮುರಗೆಪ್ಪನ ಕಿವಿ ಬಿಸಿಯಾಯಿತು.

"ಅವರು ಹ್ಞೂಂ ಅಂದ್ರ?" ಎಂದ.

"ಹ್ಞೂಂ ಅಂದ್ರ ಈ ಗಾದಿ ನಿಂದು. ಸೋಮ್ಯಾ ಕರಜಗಿಗಿ ಹೋಗಿ ಮಾವನ ಕೂಡ ಒಕ್ಕಲತನಾ ಮಾಡ್ಲಿ. ಉಹೂಂ ಅಂದ್ರ ಗಾದಿ ಸೋಮ್ಯಾಂದು, ನೀ ಎಲ್ಲ್ಯರ ಗುಮಾಸ್ತ ಆಗು. ಒಂದ ಗಾದಿ ಮ್ಯಾಲ ಇಬ್ಬರು ಕುಂತ್ರ ಗಿರಾಕಿ ಯಾರ ಮಾರಿ ನೋಡಬೇಕು?"

ಅಪ್ಪ ತಮಾಷೆಗೆ ಅಂದದ್ದು ಎಲ್ಲರಿಗೂ ಗೊತ್ತಿತ್ತು. ಆದರೆ ಗಾದಿಯ ಮೇಲೆ ಕೂತು ಗಿರಾಕಿಯ ಮುಂದೆ ಆಡಿದ ಮಾತನ್ನು ಶಿವಯೋಗೆಪ್ಪ ಹಿಂತೆಗೆದುಕೊಂಡವನಲ್ಲ. ಪೇಟೆಯ ಸಾವಕಾರರೆಲ್ಲ ಹೀಗೆಯೇ, ಅದೊಂದು ನೇಮ. ಒಮ್ಮೆ ಬಾಯಿ ತಪ್ಪಿ ಉಪ್ಪಿನ ಧಾರಣೆ ಅರ್ಧಕ್ಕೆ ಹೇಳಿ, ದೀಪ ಹಚ್ಚುವವರೆಗೂ ಅದೇ ಧಾರಣೆಗೆ ಮಾರಿ, ಮನೆಗೆ ಬಂದು ಉಣ್ಣದೆ ಮಲಗಿದ್ದ. ಈ ಸಲ ಅವನಿಗೆ ತನ್ನ ಮಾತಿನ ಭಯವೇನೂ ಇರಲಿಲ್ಲ. ತನ್ನ ಹಿರಿಯ ಮಗನನ್ನು ಯಾರೂ ವ್ಯಾಪಾರಿ ಅನ್ನಲಾರರು ಎಂಬ ಧೈರ್ಯ ಅವನಿಗೆ ಗಟ್ಟಿಯಾಗಿತ್ತು.

ಹಾಗೆ ಧೈರ್ಯ ಬರಲು ಕಾರಣವಿತ್ತು ಎಂಬುದೇ ಮುರಗೆಪ್ಪನ ದುಃಖ. ಚಿಕ್ಕವನಿದ್ದಾಗಿನಿಂದ ಅಂಗಡಿಗೆ ಯಾರು ಬಂದರೂ ಅವನು ಮನೆಗೆ ಬಂದವರನ್ನು ಕಂಡಂತೆ ಎದ್ದು ನಿಲ್ಲುತ್ತಿದ್ದ. ಬರ್ರಿ, ಕುಂದ್ರಿ ಎನ್ನುತ್ತಿದ್ದ, ನೀರು ಕೊಡುತ್ತಿದ್ದ, ಊರಲ್ಲಿ ಎಲ್ಲ ಆರಾಮವೇ ಎಂದು ಕೇಳುತ್ತಿದ್ದ. ಏನು ಬೇಕು ಎಂದು ಕೇಳುವುದು ಮಾತ್ರ ಅವನಿಗೆ ಅಸಭ್ಯವಾಗಿ ತೋರುತ್ತಿತ್ತು. ಮಗುವಿನ ಹೆಸರಿಡುವ ಕಾರ್ಯಕ್ಕೆ ಬೆಲ್ಲ ಕೊಳ್ಳಲು ಬಂದ ಕಾಳವ್ವ ಎಂಬ ಹೆಣ್ಣುಮಗಳು ಇವನ ಯೋಗಕ್ಷೇಮದಲ್ಲಿ ಸಿಕ್ಕಿ, ನೀರು ಕುಡಿದು, ಮಗುವಿಗೆ ಅಜ್ಜನ ಹೆಸರನ್ನೇ ಇಡುವುದೆಂದು ಇಲ್ಲಿಯೇ ಕೂತು ನಿರ್ಧರಿಸಿ, ಬೆಲ್ಲವನ್ನು ಎದುರಿನ ಅಂಗಡಿಯಲ್ಲಿ ಕೊಂಡು ಹೋಗಿದ್ದಳು. ಸೋಮನಿಂಗಪ್ಪನ ರೀತಿ ಬೇರೆ. ಏಳನೆಯ ಇಯತ್ತೆಯಲ್ಲಿ ಡುಮ್ಕಿ ಹೊಡೆದು ಶಾಲೆಯ ಕಡೆ ತಲೆ ಹಾಕದವನು, ಗಿರಾಕಿ ಮೆಟ್ಟಿಲ ಮೇಲೆ ಕಾಲಿಡುವಷ್ಟರಲ್ಲಿ ಕಾಗದ ಹರಿದು ಪೊಟ್ಟಣ ಸುತ್ತಲು ಶುರುಮಾಡುತ್ತಿದ್ದ. ಬೇಡ ಎಂದು ಬಂದವರೂ ಅವನಿಂದ ಏನಾದರೂ ಹೊತ್ತುಕೊಂಡೇ ಹೋಗುತ್ತಿದ್ದರು. ಅವನೇನು ಸತ್ಯಹರಿಶ್ಚಂದ್ರನಲ್ಲ, ತೂಗುವಾಗ ಕಿರುಬೆರಳು ತಕ್ಕಡಿಗೆ ತಾಗುತ್ತಿತ್ತು, ಒದ್ದೆ ಬೆಲ್ಲ ಯಾವಾಗಲೂ ಪೊಟ್ಟಣದ ತಳಕ್ಕೆ ಹೋಗುತ್ತಿತ್ತು. ಆದರೂ ಗಿರಾಕಿಗಳು ಸೋಮನಿಂಗ ಎಲ್ಲಿ ಎಂದೇ ಕೇಳುತ್ತಿದ್ದರು. ಇಂಗ್ಲಿಷಿನಲ್ಲಿ ಲೆಕ್ಕಶಾಸ್ತ್ರ ಓದಿದ ಮುರಗೆಪ್ಪ ಎಲ್ಲಿ ಎಂದು ಯಾರೂ ಕೇಳಿರಲಿಲ್ಲ.

ಕಾಲೇಜಿನ ದಾರಿಯಲ್ಲಿ ಸನಮಡಿಯ ಅಮೋಗಸಿದ್ದ ಜೊತೆಯಾದ. ಕುರಿ ಸಾಕುವ ಮನೆತನದ ಹುಡುಗ, ಮುರಗೆಪ್ಪನ ವರ್ಗದವನೇ, ರಜೆಯಲ್ಲಿ ಅಪ್ಪನ ಹಿಂಡಿನ ಹಿಂದೆ ಹೋಗುವವನು. ಅವನ ಅಂಗಿಯ ಗುಂಡಿಗಳು ಒಂದಕ್ಕೊಂದು ಸಂಬಂಧವಿಲ್ಲದ ಬಣ್ಣದವು, ಅದರ ಚಿಂತೆ ಅವನಿಗಿರಲಿಲ್ಲ.

"ನಂಗ ನಾಕ ಮಗ್ಗಾ ಹಾಕೂದೈತಿ," ಎಂದ ಅಮೋಗಸಿದ್ದ. "ಕಂಬಳಿ ಉಣ್ಣಿ ನಮ್ಮ ಮನ್ಯಾಗ ಐತಿ. ನೇಯವರು ನಮ್ಮ ಓಣ್ಯಾಗ ಅದಾರ. ಈ ಸಾಹೇಬ ಹ್ಞೂಂ ಅಂದ್ರ ಬ್ಯಾಂಕಿನವ ಒಳಗ ಕರದು ಕುಂದ್ರಸ್ತಾನಂತ. ಇಲ್ಲಂದ್ರ ಬಾಗಲದಾಗ ನಿಂದ್ರಸ್ತಾನ. ನಿಂಗ ಏನ್ ತಗ್ಯೂದೈತಿ?"

ಮುರಗೆಪ್ಪ ಎಣ್ಣೆಯ ಗಿರಣಿ ಎಂದ. ಆ ಕ್ಷಣ ಬಾಯಿಗೆ ಬಂದದ್ದು ಅದು. ಎಣ್ಣೆಯ ವಾಸನೆ ಬಂದರೆ ಅವನಿಗೆ ತಲೆ ತಿರುಗುತ್ತಿತ್ತು. ನಿಜ ಹೇಳಬೇಕೆಂದರೆ ಅವನಿಗೆ ಗಿರಣಿಯಾಗಲಿ ಗಾದಿಯಾಗಲಿ ಬೇಕಿರಲಿಲ್ಲ. ಹ್ಞೂಂ ಎಂಬ ಶಬ್ದ ಬೇಕಿತ್ತು. ಅದನ್ನು ತಂದು, ನಕ್ಕವರೆಲ್ಲರ ಮುಂದೆ ಅಪ್ಪನ ಲೋಡಿನ ಮೇಲೆ ಎಸೆಯಬೇಕಿತ್ತು. ಆಮೇಲೆ ಏನಾಗುತ್ತದೆ ಎಂದು ಯೋಚಿಸುವ ಉತ್ಸಾಹ ಅವನಲ್ಲಿರಲಿಲ್ಲ. ತನಗೇನು ಬೇಕೆಂದು ಇಷ್ಟು ಸಲೀಸಾಗಿ ಹೇಳುವ ಅಮೋಗಸಿದ್ದನ ಮೇಲೆ ಅವನಿಗೆ ಸಿಟ್ಟು ಬಂತು, ಸಿಟ್ಟು ಬಂದದ್ದಕ್ಕೆ ನಾಚಿಕೆಯೂ ಆಯಿತು.

ಕಾಲೇಜಿನ ಹಿಂದಿನ ಬಯಲಿನಲ್ಲಿ ಬೇವಿನ ಮರದ ಆಚೆ ಒಂದು ಗೂಟ ನೆಟ್ಟಿದ್ದರು. ಪ್ರೊಫೆಸರು ಕುರ್ಚಿಯ ಮೇಲೆ ಕೂತಿದ್ದರು, ತೊಡೆಯ ಮೇಲೆ ಹಗ್ಗ ಸುತ್ತಿ ಮಾಡಿದ ಬಳೆಗಳಿದ್ದವು. ಸಾಬೂನಿನ ಡಬ್ಬಿಗೆ ಬಳೆ ಎಸೆಯುವ ಸಂತೆಯ ಆಟ ಎಲ್ಲರಿಗೂ ಗೊತ್ತಿದ್ದುದರಿಂದ ಹುಡುಗರಿಗೆ ನಿರಾಸೆಯಾಯಿತು. ವಿದ್ಯಾಪೀಠದವರು ಅದಕ್ಕಿಂತ ದೊಡ್ಡದೇನಾದರೂ ತಂದಾರು ಎಂದುಕೊಂಡಿದ್ದರು. ಪ್ರೊಫೆಸರು ಮರಾಠಿಯಲ್ಲಿ, ದವಾಖಾನೆಯಲ್ಲಿ ಮಾತಾಡುವ ಮೆಲುದನಿಯಲ್ಲಿ ಹೇಳಿದರು: "ಇದು ಆಟ ಎಂದು ತಿಳಿಯಬೇಡಿ. ಗೂಟಕ್ಕೆ ಬಳೆ ಎಸೆಯಬೇಕು. ಎಲ್ಲಿ ನಿಲ್ಲಬೇಕೆಂಬುದು ನಿಮ್ಮ ಇಷ್ಟ. ಎಷ್ಟು ಹತ್ತಿರ ಬೇಕಾದರೂ ನಿಲ್ಲಿ, ಎಷ್ಟು ದೂರ ಬೇಕಾದರೂ ನಿಲ್ಲಿ. ನಾನು ಏನೂ ಹೇಳುವುದಿಲ್ಲ."

ಎಲ್ಲಿ ನಿಲ್ಲಬೇಕೆಂಬುದು ನಿಮ್ಮ ಇಷ್ಟ ಎಂಬ ಮಾತನ್ನು ಆ ಹುಡುಗರು ಜನ್ಮದಲ್ಲಿ ಕೇಳಿರಲಿಲ್ಲ. ಅವರು ಸಹಜವಾಗಿ ಬಾಳಾಸಾಹೇಬನ ಕಡೆ ನೋಡಿದರು. ಬಾಲಗಾಂವದ ಪಾಟೀಲರ ಮಗ ಬಾಳಾಸಾಹೇಬ. ಊಟದ ಪಂಕ್ತಿಯಿಂದ ಹಿಡಿದು ಪರೀಕ್ಷೆಯ ಹಾಲಿನ ತನಕ ಎಲ್ಲದಕ್ಕೂ ಮೊದಲು ಹೋಗುವವನು ಅವನೇ. ಹೊಸ ಬೆಲ್‌ಬಾಟಮ್ಮಿನ ಅಂಚು ನೆಲಕ್ಕೆ ತಾಗದಂತೆ ನಡೆದು ಬಂದು ಒಂದು ಕಡೆ ನಿಂತ. ಬೇವಿನ ನೆರಳು ಅಲ್ಲಿಗೆ ಮುಗಿಯುತ್ತಿತ್ತು. ಬಿಸಿಲಿಗೆ ಹೋಗಲು ಅವನಿಗೆ ಮನಸ್ಸಿರಲಿಲ್ಲ, ಅಷ್ಟೇ. ಆಕಳಿಸುತ್ತ ಬಳೆ ಎಸೆದ, ಕೆಲವು ಬಿದ್ದವು, ಕೆಲವು ಬೀಳಲಿಲ್ಲ. ಪ್ರೊಫೆಸರು ಹುಬ್ಬೇರಿಸಿ ಬಹಳ ಚೆನ್ನಾಗಿದೆ ಎಂದರು.

ಎರಡನೆಯವನು ಬಂದು ಬಾಳಾಸಾಹೇಬ ನಿಂತಲ್ಲಿಯೇ ನಿಂತ. ಮೂರನೆಯವನೂ ಅಲ್ಲಿಯೇ ನಿಂತ. ಪಾಟೀಲರ ಮಗನಿಗಿಂತ ಒಂದು ಹೆಜ್ಜೆ ಮುಂದೆ ನಿಲ್ಲುವುದು ಸೊಕ್ಕಾಗುತ್ತಿತ್ತು. ಹಿಂದೆ ನಿಂತರೆ, ನೀನು ಎಸೆದುದಕ್ಕಿಂತ ದೂರದಿಂದ ಎಸೆಯುತ್ತೇನೆ ನೋಡು ಎಂದಂತಾಗಿ ಅದೂ ಸೊಕ್ಕೇ ಆಗುತ್ತಿತ್ತು. ಯಾರೂ ಯಾರಿಗೂ ಹೇಳಲಿಲ್ಲ, ಹೇಳುವ ಅಗತ್ಯವಿರಲಿಲ್ಲ. ಹೊತ್ತು ಏರಿ ನೆರಳು ಮರದ ಬುಡಕ್ಕೆ ಸರಿದುಹೋಯಿತು. ಬಾಳಾಸಾಹೇಬ ನೆರಳಿನ ಜೊತೆಗೆ ಸರಿದು ಬುಡದಲ್ಲಿ ಕೂತು ಸಿಗರೇಟು ಹಚ್ಚಿದ್ದ. ಹುಡುಗರು ಮಾತ್ರ ಸುಡುವ ಬಿಸಿಲಲ್ಲಿ ಅದೇ ಗೇಣು ನೆಲದ ಮೇಲೆ ಒಬ್ಬರಾದ ಮೇಲೊಬ್ಬರು ನಿಂತು ಎಸೆದರು. ಅಮೋಗಸಿದ್ದ ಒಂದೂ ತಪ್ಪದಂತೆ ಎಲ್ಲ ಬಳೆಗಳನ್ನೂ ಗೂಟಕ್ಕೆ ಹಾಕಿದ. ದಿನವಿಡೀ ಕಲ್ಲು ಬೀಸಿ ಕುರಿ ತಿರುಗಿಸುವ ಕೈ ಅದು. ಪ್ರೊಫೆಸರು ಅವನನ್ನು ಕನಿಕರದಿಂದ ನೋಡಿ, "ಇಷ್ಟು ಸುಲಭವಾದದ್ದನ್ನು ಆರಿಸಿಕೊಂಡೆಯಲ್ಲ, ನಿನ್ನಲ್ಲಿ ಸವಾಲಿನ ಹಸಿವಿಲ್ಲ," ಎಂದರು. ಅಮೋಗಸಿದ್ದ ನಾಲ್ಕು ಮಗ್ಗಗಳನ್ನು ಅಲ್ಲಿಯೇ ಬಿಟ್ಟು ಬಂದು ಸಾಲಿನ ಕೊನೆಯಲ್ಲಿ ಕೂತ.

ಮುರಗೆಪ್ಪನ ಸರದಿ ಬಂತು. ಬಳೆಗಳನ್ನು ಕೈಗೆ ತೆಗೆದುಕೊಂಡ. ಬಾಳಾಸಾಹೇಬನ ಜಾಗದಲ್ಲಿ ನಿಂತರೆ ತಾನೂ ಎಲ್ಲರಂತೆ ಆಗುತ್ತೇನೆ, ಎಲ್ಲರಂತೆ ಆದವನಿಗೆ ಹ್ಞೂಂ ಅನ್ನುವುದು ಏಕೆ ಎಂದು ಗೂಟದ ಕಡೆಗೆ ಎರಡು ಹೆಜ್ಜೆ ಇಟ್ಟ. ಬೇವಿನ ಬುಡದಿಂದ ಬಾಳಾಸಾಹೇಬ ಕೆಮ್ಮಿದ. ಸಿಗರೇಟಿನ ಕೆಮ್ಮೋ ಪಾಟೀಲಕಿಯ ಕೆಮ್ಮೋ ತಿಳಿಯಲಿಲ್ಲ. ಮುರಗೆಪ್ಪ ಗಾಬರಿಯಾಗಿ ಹಿಂದೆ ಸರಿದ. ಸರಿದದ್ದು ಹೆಚ್ಚಾಗಿ ಬಾಳಾಸಾಹೇಬ ನಿಂತಿದ್ದ ಜಾಗಕ್ಕಿಂತ ಹಿಂದೆ ಹೋಗಿದ್ದ. ಅಲ್ಲಿಂದ ಗೂಟ ಬಹಳ ಸಣ್ಣದಾಗಿ ಕಂಡಿತು. ಅಪ್ಪನ ನಗು ಕೇಳಿಸಿತು, ಆಮೇಲೆ ಗಿರಾಕಿಗಳದು. ಹೆಸರಿಡುವ ಕಾರ್ಯಕ್ಕೆ ಬೆಲ್ಲ ಕೊಳ್ಳಲು ಬಂದ ಕಾಳವ್ವ ಎದುರಿನ ಅಂಗಡಿಯಿಂದ ಪೊಟ್ಟಣ ಹಿಡಿದು ಇಳಿಯುವಾಗ ತನ್ನ ಕಡೆ ನೋಡಿ ಅಕ್ಕರೆಯಿಂದ ನಕ್ಕಿದ್ದಳು; ಆ ಅಕ್ಕರೆಯನ್ನು ಅವನು ಇವತ್ತಿಗೂ ಕ್ಷಮಿಸಿರಲಿಲ್ಲ. ಮತ್ತೆ ಮುಂದೆ ಬಂದ, ಮತ್ತೆ ಅರ್ಧ ಹೆಜ್ಜೆ ಹಿಂದೆ. ತಪ್ಪಾಯಿತು ಎಂಬಂತೆ ಪ್ರೊಫೆಸರರ ಕಡೆ ತಿರುಗಿ ಹಲ್ಲು ಕಿರಿದ. ಕೊನೆಗೆ ಎಲ್ಲರ ಕಾಲು ತುಳಿದು ಬೆಳ್ಳಗಾಗಿದ್ದ ಆ ನೆಲವೇ ಅವನ ಪಾದಗಳನ್ನು ಎಳೆದುಕೊಂಡಿತು. ಕಣ್ಣು ಮುಚ್ಚಿದಂತೆ ಎಸೆದ. ಅರ್ಧದಷ್ಟು ಬಿದ್ದವು.

ಪ್ರೊಫೆಸರು ಕುರ್ಚಿಯಿಂದ ಎದ್ದರು. ಬೇರೆ ಯಾರಿಗೂ ಅವರು ಎದ್ದಿರಲಿಲ್ಲ.

"ನೋಡಿದಿರಾ," ಎಂದರು ಎಲ್ಲರಿಗೂ. "ಹತ್ತಿರ ನಿಲ್ಲುವವನು ಹೆದರುಪುಕ್ಕ. ತೀರ ದೂರ ನಿಲ್ಲುವವನು ಜೂಜುಗಾರ. ನಡುವೆ ನಿಲ್ಲುವವನೇ ಉದ್ಯಮಿ. ನಿಮ್ಮ ಊರಿನಲ್ಲಿ ಎಲ್ಲರೂ ನಡುವೆಯೇ ನಿಂತದ್ದು ನನಗೆ ಆಶ್ಚರ್ಯ, ಇಂಥ ತಾಲೂಕನ್ನು ನಾನು ನೋಡಿಯೇ ಇಲ್ಲ. ಆದರೆ ಉಳಿದವರು ಬಂದರು, ನಿಂತರು. ಇವನೊಬ್ಬನೇ ಹತ್ತಿರವನ್ನು ಅಳೆದ, ದೂರವನ್ನು ಅಳೆದ, ಎರಡನ್ನೂ ಬಿಟ್ಟು ನಡುವನ್ನು ಆರಿಸಿದ. ಆರಿಸುವಾಗ ನಕ್ಕ. ನಷ್ಟದ ಎದುರು ನಗುವವನು ಸಾವಿರಕ್ಕೊಬ್ಬ."

ಹುಡುಗರು ನೆಲ ನೋಡಿದರು. ಎಲ್ಲರಿಗೂ ನಿಜ ಗೊತ್ತಿತ್ತು, ಆದರೆ ಅತಿಥಿಯ ಮಾತಿಗೆ ಅಡ್ಡ ಬರುವುದು ಯಾರಿಗೂ ಸರಿ ಕಾಣಲಿಲ್ಲ. ಹೌದಲ್ಲ, ನಾನು ಅಳೆದೆ ಎಂದುಕೊಂಡ ಮುರಗೆಪ್ಪ. ಮೊದಲು ನಾಚುತ್ತ ಅಂದುಕೊಂಡ, ಆಮೇಲೆ ಅಷ್ಟು ನಾಚಲಿಲ್ಲ. ಮೂರನೆಯ ಸಲ ಅಂದುಕೊಳ್ಳುವಾಗ ಆ ಎರಡು ಹೆಜ್ಜೆಗಳನ್ನು ತಾನು ಬೇಕೆಂದೇ ಇಟ್ಟ ಹಾಗೆ ನೆನಪಾಗತೊಡಗಿತು. ಬಯಲು ದಾಟುವಾಗ ಬಾಳಾಸಾಹೇಬ ಅವನ ಹೆಗಲ ಮೇಲೆ ಕೈ ಹಾಕಿದ.

"ಏನೋ ಮುರಗ್ಯಾ, ನಾ ನಿಂತ ನೆಲದ ಮ್ಯಾಲ ನಿಂತು ಸಾವಕಾರ ಆದೆಲ್ಲೋ. ನೆಲದ ಬಾಡಗಿ ಕೊಡು ಮತ್ತ."

ಮುರಗೆಪ್ಪ ನಕ್ಕ. ಆ ಕೈ ಹೆಗಲ ಮೇಲಿಂದ ತಾನಾಗಿ ಇಳಿಯುವವರೆಗೂ ನಗುತ್ತಲೇ ಇದ್ದ.

ಹಿಂದಿನ ಬಾಗಿಲಿನಿಂದ ಮನೆಗೆ ಹೋಗಿ ಉಂಡು, ಅಪ್ಪನಿಗೆ ಹೇಗೆ ಹೇಳುವುದೆಂದು ವಾಕ್ಯ ಕಟ್ಟುತ್ತ ಅವನು ಅಂಗಡಿಗೆ ಬರುವಷ್ಟರಲ್ಲಿ ವಾಕ್ಯದ ಅಗತ್ಯವೇ ತಪ್ಪಿಹೋಗಿತ್ತು. ಪ್ರೊಫೆಸರು ಪೇಟೆ ನೋಡಲು ಬಂದವರು, ಉದ್ಯಮಿಯ ತಂದೆ ಯಾರು ಎಂದು ವಿಚಾರಿಸಿಕೊಂಡು ಸ್ವತಃ ಅಂಗಡಿಯ ಮುಂದೆ ನಿಂತಿದ್ದರು. ನಿಮ್ಮ ಹಿರಿಯ ಮಗ ಹೆಜ್ಜೆ ಇಡುವ ಮೊದಲು ತೂಗುತ್ತಾನೆ, ಇಂಥವನನ್ನು ಹೆತ್ತ ನೀವು ಪುಣ್ಯವಂತರು ಎಂದು ಗಿರಾಕಿಗಳಿಗೆಲ್ಲ ಕೇಳುವಂತೆ ಹೇಳಿ, ಸೋಮನಿಂಗಪ್ಪ ಕಟ್ಟಿಕೊಟ್ಟ ಶೇಂಗಾ ಪೊಟ್ಟಣ ತೆಗೆದುಕೊಂಡು ಹೋದರು. ಶೇಂಗಾ ಬೇಕೆಂದು ಅವರು ಕೇಳಿರಲಿಲ್ಲ.

ಶಿವಯೋಗೆಪ್ಪ ಮುರಗೆಪ್ಪನ ಮುಖ ನೋಡಿದ, ಆ ಮುಖದಲ್ಲಿ ಹೊಸದಾಗಿ ಏನೂ ಕಾಣಲಿಲ್ಲವೆಂದು ತೋರುತ್ತದೆ. ಪ್ರೊಫೆಸರರ ಮಾತನ್ನು ಅವನು ಒಂದಿಷ್ಟೂ ನಂಬಲಿಲ್ಲ. ಆದರೆ ಸಂತೆಯ ದಿನ ನಕ್ಕಿದ್ದವರಲ್ಲಿ ಅರ್ಧ ಜನ ಈಗಲೂ ಅಲ್ಲಿದ್ದರು, ಬಾಯಿ ಮುಚ್ಚಿಕೊಂಡು ಗಾದಿಯ ಕಡೆಗೇ ನೋಡುತ್ತಿದ್ದರು. ಮಧ್ಯಾಹ್ನದ ಮೇಲೆ ಗಾದಿಯ ಮೇಲೆ ಕೂರುವುದು ಸೋಮನಿಂಗಪ್ಪನ ರೂಢಿ.

"ಸೋಮ್ಯಾ," ಎಂದ ಶಿವಯೋಗೆಪ್ಪ. "ಇಳಿ."

ಒಳಗೆ ತಾಯಿ ಮಲಕವ್ವ ಗಂಟು ಕಟ್ಟುತ್ತ ಅತ್ತಳು. ತನ್ನ ತವರಿಗೇ ಮಗ ಹೋಗುತ್ತಿದ್ದರೂ ಅವಳಿಗೆ ಸಮಾಧಾನವಿರಲಿಲ್ಲ. "ಅದರ ಕೈ ನೋಡ್ರಿ, ಎಷ್ಟ ಮೆತ್ತಗ ಅದಾವ. ಕಲ್ಲ ನೆಲದಾಗ ನೇಗಲಾ ಕುಂಟಿ ಹ್ಯಾಂಗ ಹಿಡಿತೈತಿ?" ಎಂದಳು ಗಂಡನಿಗೆ. "ಅಂದದ್ದು ಅಂದಾಗೈತಿ," ಎಂದು ಶಿವಯೋಗೆಪ್ಪ ಒಳಕೋಣೆಯ ಗೋಡೆಗೆ ಒರಗಿ ಕೂತ. ಹೆಂಡತಿ ಬಡಿಸಿದ್ದನ್ನು ಅವನು ಮುಟ್ಟಲಿಲ್ಲ.

ಹೊತ್ತು ಇಳಿಯುವಾಗ ಸೋಮನಿಂಗಪ್ಪ ಗಂಟು ಹಿಡಿದು, ಗಾದಿಯ ಮೇಲೆ ಕೂತಿದ್ದ ಅಣ್ಣನ ಎದುರು, ಅಂಗಡಿಯ ಮೆಟ್ಟಿಲ ಕೆಳಗೆ ಬಂದು ನಿಂತ. ಗಿರಾಕಿಗಳು ನಿಲ್ಲುವ ಜಾಗ ಅದು. ಅಲ್ಲಿಂದ ಅಂಗಡಿ ಹೇಗೆ ಕಾಣುತ್ತದೆ ಎಂದು ಅವನು ಮೊದಲ ಸಲ ನೋಡುತ್ತಿರಬೇಕು.

"ಅಣ್ಣಾ, ಬಾಳಾಸಾಹೇಬ ಸಿಕ್ಕಿದ್ದ," ಎಂದ ಮೆಲ್ಲಗೆ. "ಎಲ್ಲಾರೂ ಅಂವಾ ನಿಂತಲ್ಲೇ ನಿಂತ್ರಂತ. ನೀನೂ ಅಲ್ಲೇ ನಿಂತೆಂತ. ಅದು ಆ ಪ್ರೊಫೆಸರಗ ತಿಳೀಲಿಲ್ಲಂತ. ಅಪ್ಪಗ ನೀ ಒಂದ ಮಾತ ಹೇಳು. ನಾ ಹೇಳಿದ್ರ ಹೊಟ್ಟಿಕಿಚ್ಚ ಅಂತಾನ. ನೀ ಹೇಳಿದ್ರ ಈಗಿಂದೀಗ ನನ್ನ ಒಳಗ ಕರೀತಾನ."

ತಮ್ಮ ಹೇಳಿದ್ದು ಅಕ್ಷರಶಃ ನಿಜ. ಗಾದಿ ಮುರಗೆಪ್ಪನಿಗೆ ಬೇಕಿರಲಿಲ್ಲ, ಹ್ಞೂಂ ಸಿಕ್ಕಾಗಿತ್ತು, ಅಪ್ಪ ಸೋತದ್ದನ್ನು ಊರು ನೋಡಿಯಾಗಿತ್ತು. ಒಳಗೆ ಹೋಗಿ, ಅಪ್ಪಾ, ನಾನು ಹೆದರಿ ಅಲ್ಲಿ ನಿಂತೆ ಎಂದರೆ ಮುಗಿಯಿತು. ಹೆದರಿ ಎಂಬ ಶಬ್ದದ ಹತ್ತಿರ ಅವನ ನಾಲಗೆ ನಿಂತಿತು. ನಾಳೆಯಿಂದ ಪೇಟೆಯೆಲ್ಲ ಆ ಶಬ್ದವನ್ನು ಬಾಯಲ್ಲಿ ಹಾಕಿಕೊಂಡು ಅಗಿಯುತ್ತದೆ, ಬಾಳಾಸಾಹೇಬ ಹೆಗಲ ಮೇಲೆ ಕೈ ಹಾಕುತ್ತಾನೆ, ಹೆಂಗಸರು ಅಕ್ಕರೆಯಿಂದ ನಗುತ್ತಾರೆ. ಅವನು ಅಪ್ಪ ಒರಗುವ ಲೋಡನ್ನು ನೋಡಿದ. ಮಧ್ಯಾಹ್ನದಿಂದ ಅದಕ್ಕೆ ಒರಗಿ ಬೆನ್ನು ಬೆಚ್ಚಗಾಗಿತ್ತು. ಹೇಳುತ್ತೇನೆ ಎಂದು ಅವನು ಬಾಯಿ ತೆರೆದದ್ದು ನಿಜ.

ಅಷ್ಟರಲ್ಲಿ ಬುಟ್ಟಿ ಹೊತ್ತು ಬೀರವ್ವ ಎಂಬ ಮುದುಕಿ ಮೆಟ್ಟಿಲು ಹತ್ತಿದಳು. ಹಳೆಯ ಗಿರಾಕಿ. ಗಾದಿಯ ಮೇಲಿದ್ದವನನ್ನು ನೋಡಿದಳು, ಕೆಳಗೆ ಗಂಟು ಹಿಡಿದು ನಿಂತವನನ್ನು ನೋಡಿದಳು.

"ಯಾಕಪ್ಪಾ, ಸೋಮನಿಂಗ ಎಲ್ಲಿ ಹೊಂಟ?" ಎಂದು ಕೇಳಿದಳು.

"ಕರಜಗಿಗಿ ಹೊಂಟಾನ್ರಿ ಆಯಿ," ಎಂದ ಮುರಗೆಪ್ಪ. "ನಂಗ ವ್ಯಾಪಾರ ಒಲ್ಲೆ, ಒಕ್ಕಲತನಾನ ಬೇಕು ಅಂತ ಹಟಾ ಹಿಡದಾನ. ಎಷ್ಟ ಹೇಳಿದ್ರೂ ಕೇಳವಲ್ಲ. ಸಣ್ಣಾಂವ, ಅವನ ಮನಸ ಯಾಕ ಮುರೀಬೇಕಂತ ನಾವೂ ಸುಮ್ಮನಾದ್ವಿ."

ಒದ್ದೆ ಬೆಲ್ಲ ಕಟ್ಟಿಕೊಡುವವನ ಹಾಗೆ ಒಂದು ಕಡೆಯೂ ತಡವರಿಸಲಿಲ್ಲ. ಮುದುಕಿ, ಇರಲಿ ಬಿಡಪ್ಪಾ, ಭೂಮಿತಾಯಿ ಕೈ ಬಿಡುವುದಿಲ್ಲ ಎಂದು ಸೋಮನಿಂಗಪ್ಪನ ತಲೆ ಸವರಿದಳು. ಸೋಮನಿಂಗಪ್ಪ ಅಣ್ಣನನ್ನೇ ನೋಡುತ್ತಿದ್ದ. ಅವನ ಮುಖದಲ್ಲಿ ಸಿಟ್ಟಿಗಿಂತ ಬೆರಗು ಹೆಚ್ಚಾಗಿತ್ತು. ಗಂಟನ್ನು ಹೆಗಲಿಗೇರಿಸಿ ಬಸ್ಸಿನ ದಾರಿ ಹಿಡಿದ.

ಒಳಕೋಣೆಯಲ್ಲಿ ಗೋಡೆಗೆ ಒರಗಿದ್ದ ಶಿವಯೋಗೆಪ್ಪ ಎಲ್ಲವನ್ನೂ ಕೇಳಿಸಿಕೊಂಡಿದ್ದ. ಅವನು ಗಂಟಲು ಸರಿಮಾಡಿಕೊಂಡು, ದೊಡ್ಡ ಅಂಗಡಿಯವರನ್ನು ಮಾತಾಡಿಸುವ ದನಿಯಲ್ಲಿ ಕೂಗಿ ಹೇಳಿದ.

"ಸಾವಕಾರ್ರ, ಕತ್ತಲಾತು. ದೀಪಾ ಹಚ್ರಿ."

ಉಣ್ಣಲು ತಾಟು ತರುವಂತೆ ಹೆಂಡತಿಗೆ ಹೇಳಿದ್ದೂ ಕೇಳಿಸಿತು. ಮುರಗೆಪ್ಪ ಎದ್ದು ಕಡ್ಡಿಪೆಟ್ಟಿಗೆ ಹುಡುಕತೊಡಗಿದ.